ಹತ್ತು ಗಂಟೆ ಎಂದರೆ ಯಾರ ಹತ್ತು ಗಂಟೆ?



ನನ್ನ ವೃತ್ತಿಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಮುಖ್ಯೋಪಾಧ್ಯಾಯರು ತಿಳಿಸಿದರು. ನನ್ನ ಸಾಧನೆ ಹೇಳುವ ಬದಲು ಒಂದು ತಪ್ಪನ್ನು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ, ನಿವೃತ್ತರಾಗಿದ್ದ ನಮ್ಮ ಗಣಿತದ ಮೇಷ್ಟ್ರನ್ನು ಬ್ಯಾಚಿನವರೆಲ್ಲ ಸೇರಿ ಅವರ ಮನೆಯಲ್ಲೇ ಕಾಣುವುದೆಂದು ನಿಶ್ಚಯಿಸಿದೆವು. ಭಾನುವಾರ ಬೆಳಿಗ್ಗೆ 10 ಗಂಟೆ. ನಾನು ಕಂಪ್ಯೂಟರಿನವನಲ್ಲವೇ, ಒಂದು ಪುಟ್ಟ ಪ್ರೋಗ್ರಾಂ ಬರೆದು ಎಲ್ಲರಿಗೂ ಕ್ಯಾಲೆಂಡರ್ ಫೈಲ್ ಕಳಿಸಿದೆ. ಒಮ್ಮೆ ಒತ್ತಿದರೆ ಸಾಕು, ಫೋನೇ ನೆನಪಿಸುತ್ತದೆ. ಫೋನನ್ನು ನಂಬಿದ ಅರ್ಧದಷ್ಟು ಜನ ಬಂದದ್ದು ಮಧ್ಯಾಹ್ನ ಮೂರೂವರೆಗೆ. ಎಲ್ಲರೂ ಬರಲಿ ಎಂದು ಮೇಷ್ಟ್ರು ಅಲ್ಲಿಯವರೆಗೂ ಊಟ ಮಾಡದೆ ಕಾದಿದ್ದರು.

ಆದದ್ದಿಷ್ಟು. ಈ ಫೈಲಿನಲ್ಲಿರುವುದು ಬರಿಯ ಅಕ್ಷರಗಳು, ಅಂಕಿಗಳು. ಅದರ ನಿಯಮಗಳನ್ನು 2009ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 5545 ಎಂಬ ದಾಖಲೆ ಹೇಳುತ್ತದೆ. ಸಮಯದ ಕೊನೆಗೆ 'ಝಡ್' ಅಕ್ಷರ ಬರೆದರೆ ಅದು ಜಾಗತಿಕ ಸಮಯ, ಅಂದರೆ ಯುಟಿಸಿ. ಭಾರತದ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದು. ನಾನು 10 ಗಂಟೆ ಬರೆದು ಝಡ್ ಸೇರಿಸಿದ್ದೆ. ಬರೆಯಬೇಕಾಗಿದ್ದುದು ನಾಲ್ಕೂವರೆ.

ಆಮೇಲೆ ಕುಳಿತು ನಿಯಮಗಳನ್ನೆಲ್ಲ ಓದಿದೆ. ಒಂದು ಸಾಲು 75 ಬೈಟ್ ಮೀರಬಾರದು. ಮೀರಿದರೆ ಮುರಿದು, ಮುಂದಿನ ಸಾಲನ್ನು ಒಂದು ಖಾಲಿ ಜಾಗದಿಂದ ಆರಂಭಿಸಬೇಕು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಬೈಟ್. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. 'ಶಾಲೆ' ಎಂಬುದರಲ್ಲಿ ಶ, ದೀರ್ಘ, ಲ, ಎತ್ವ ಎಂದು ನಾಲ್ಕು ಚಿಹ್ನೆ, ಒಟ್ಟು 12 ಬೈಟ್. ಲೆಕ್ಕವಿಲ್ಲದೆ 75ಕ್ಕೆ ಕತ್ತರಿಸಿದರೆ ಒಂದು ಚಿಹ್ನೆ ನಡುವೆಯೇ ತುಂಡಾಗಿ, ಕೆಲವು ಆ್ಯಪ್‌ಗಳಲ್ಲಿ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆ ಕಾಣಬಹುದು.

ಇಡೀ ದಿನದ ಕಾರ್ಯಕ್ರಮಕ್ಕೆ ಮುಕ್ತಾಯದ ದಿನಾಂಕವೆಂದರೆ ಮರುದಿನ. 24ರಿಂದ 26ರವರೆಗಿನ ಉತ್ಸವಕ್ಕೆ 27 ಎಂದು ಬರೆಯಬೇಕು. ಪ್ರತಿ ಕಾರ್ಯಕ್ರಮಕ್ಕೂ 'ಯುಐಡಿ' ಎಂಬ ಗುರುತು ಇರಲೇಬೇಕು, ನಿಮ್ಮ ಹಾಜರಿ ಸಂಖ್ಯೆಯಂತೆ. ಸಮಯ ತಿದ್ದಿ ಮತ್ತೆ ಕಳಿಸುವಾಗ ಅದೇ ಗುರುತು ಇಟ್ಟು, ಆವೃತ್ತಿಯ ಅಂಕಿಯನ್ನು ಹೆಚ್ಚಿಸಬೇಕು. ಹೊಸ ಗುರುತು ಕೊಟ್ಟರೆ ಹಳೆಯದೂ ಹೊಸದೂ ಎರಡೂ ಉಳಿಯುತ್ತವೆ.

ಅಂದು ಮೇಷ್ಟ್ರು ಬೈಯಲಿಲ್ಲ. ಎಲ್ಲವನ್ನೂ ಕೇಳಿ, "ಲೆಕ್ಕ ಮಾಡಿದ ಮೇಲೆ ತಾಳೆ ನೋಡಿದೆಯೇನೋ?" ಎಂದರು, ಅಷ್ಟೇ. ನಾನು ನೋಡಿರಲಿಲ್ಲ. ಫೈಲನ್ನು ಕಳಿಸುವ ಮೊದಲು ನನ್ನ ಫೋನಿನಲ್ಲೇ ಒಮ್ಮೆ ತೆರೆದಿದ್ದರೆ ಮೂರೂವರೆ ಎಂದು ಕಾಣುತ್ತಿತ್ತು. ಒಂದು ನಿಮಿಷದ ಕೆಲಸ. ಈಗ ಕ್ಯಾಲೆಂಡರ್ ಫೈಲ್ ಬರೆಯುವ ಪ್ರೋಗ್ರಾಂ ಮಾಡಿದರೆ, ಅದನ್ನು ಮತ್ತೆ ಓದಿ ತಾಳೆ ನೋಡುವ ಇನ್ನೊಂದು ಪ್ರೋಗ್ರಾಮನ್ನೂ ಬರೆಯುತ್ತೇನೆ.

ವಿದ್ಯಾರ್ಥಿಗಳೇ, ಯಂತ್ರ ನಾವು ಬರೆದದ್ದನ್ನು ಮಾಡುತ್ತದೆ, ಮನಸ್ಸಿನಲ್ಲಿದ್ದುದನ್ನಲ್ಲ. ತಾಳೆ ನೋಡುವುದನ್ನು ಈ ಶಾಲೆಯ ಕರಿಹಲಗೆಯ ಮುಂದೆಯೇ ಕಲಿಸಿದ್ದರು. ನಾನು ಮರೆತಿದ್ದೆ, ನೀವು ಮರೆಯಬೇಡಿ.