ನೆರೆಮನೆಯ ಬಾಗಿಲು ಮತ್ತು ಮಾನವ ಹಕ್ಕು
(ಮಾನವ ಹಕ್ಕುಗಳ ದಿನಾಚರಣೆಯಂದು ಮಾಡಿದ ಭಾಷಣ)



ಡಿಸೆಂಬರ್ 10 ಮಾನವ ಹಕ್ಕುಗಳ ದಿನವೆಂದು ನೀವು ಪರೀಕ್ಷೆಗಾಗಿ ಬಾಯಿಪಾಠ ಮಾಡಿರುತ್ತೀರಿ. 1948ರ ಆ ದಿನ ಪ್ಯಾರಿಸ್‌ನಲ್ಲಿ ಸೇರಿದ್ದ ವಿಶ್ವಸಂಸ್ಥೆಯ ಮಹಾಸಭೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ಅದರ ಮೊದಲ ವಿಧಿಯ ಕರಡಿನಲ್ಲಿ ಪುರುಷರೆಂಬ ಅರ್ಥದ ಪದವಿತ್ತು. ಅದು ‘ಎಲ್ಲ ಮಾನವರು’ ಎಂದಾಗಲು ಕಾರಣರಾದವರು ನಮ್ಮ ದೇಶದ ಹಂಸಾ ಮೆಹ್ತಾ.

ಆದರೆ ಅದೇ ವರ್ಷ ನಮ್ಮ ಸೀಮೆಯಲ್ಲಿ ಏನು ನಡೆದಿತ್ತು? ಆಗ ಬಸವಕಲ್ಯಾಣವು ‘ಕಲ್ಯಾಣಿ’ಯಾಗಿತ್ತು. ಅದೂ ಹುಮನಾಬಾದೂ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಮೇ ತಿಂಗಳಲ್ಲಿ ಬಸವಕಲ್ಯಾಣದ ಸಮೀಪದ ಗೋರ್ಟಾ ಗ್ರಾಮದಲ್ಲಿ ರಜಾಕಾರರು ಅಮಾಯಕರನ್ನು ಕೊಂದರು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. ಐದು ದಿನಗಳಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಅದರ ಬೆನ್ನಿಗೇ ರಜಾಕಾರರಲ್ಲದ ಸಾಮಾನ್ಯ ಮುಸ್ಲಿಮರ ಮೇಲೆ ಸೇಡಿನ ದಾಳಿಗಳಾದವು.

ನಡೆದದ್ದನ್ನು ತಿಳಿಯಲು ಭಾರತ ಸರ್ಕಾರವೇ ಒಂದು ತಂಡವನ್ನು ಕಳುಹಿಸಿತು. ಅದರಲ್ಲಿದ್ದವರು ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ. ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಅವರು ಸಂಸ್ಥಾನದಲ್ಲಿದ್ದರು. ಗಮನಿಸಿ, ಪ್ಯಾರಿಸ್‌ನಲ್ಲಿ ಘೋಷಣೆಗೆ ಮತ ಬಿದ್ದ ದಿನ ಇಲ್ಲಿ ಇವರು ಸಂತ್ರಸ್ತರ ಮಾತು ಕೇಳುವ ಕೆಲಸದಲ್ಲಿದ್ದರು! ಸಂಸ್ಥಾನದಲ್ಲಿ ಕನಿಷ್ಠ 27 ಸಾವಿರದಿಂದ 40 ಸಾವಿರ ಜನ ಸತ್ತಿರಬೇಕೆಂದು ಅವರು ಅಂದಾಜಿಸಿದರು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಬೀದರ್ ಒಂದು; ಉಳಿದವು ಗುಲ್ಬರ್ಗಾ, ಉಸ್ಮಾನಾಬಾದ್ ಮತ್ತು ನಾಂದೇಡ್.

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ಎಷ್ಟೋ ಕಡೆ ಹಿಂದೂಗಳು ನೆರೆಯ ಮುಸ್ಲಿಂ ಕುಟುಂಬಗಳನ್ನು ಕಾಪಾಡಿದರು. ಹಿಂದೂ ನೇಕಾರರು ತಮ್ಮ ಪ್ರಾಣವನ್ನೂ ಲೆಕ್ಕಿಸದೆ ಮುಸ್ಲಿಂ ನೇಕಾರರ ಪರವಾಗಿ ನಿಂತರು. ಅವರು ಯಾವ ಘೋಷಣೆಯನ್ನೂ ಓದಿರಲಿಲ್ಲ. ಬಾಗಿಲು ತೆರೆದರು, ಅಷ್ಟೇ.

ವಿದ್ಯಾರ್ಥಿಗಳೇ, ಜಗತ್ತಿನ ಮಾನವೀಯ ಚಳವಳಿ ಬೆಳೆದದ್ದೂ ಇದೇ ಬಗೆಯಲ್ಲಿ. 1859ರಲ್ಲಿ ಇಟಲಿಯ ಸೋಲ್ಫೆರಿನೋ ಯುದ್ಧದ ಗಾಯಾಳುಗಳನ್ನು, ಯಾವ ಪಕ್ಷದವರೆಂದು ಕೇಳದೆ, ಹತ್ತಿರದ ಊರಿನ ಹೆಂಗಸರು ಉಪಚರಿಸಿದರು. ಅವರ ಜೊತೆಗಿದ್ದ ಹೆನ್ರಿ ಡ್ಯುನಾಂಟ್ ಕಂಡದ್ದನ್ನು ಪುಸ್ತಕವಾಗಿ ಬರೆದರು. 1863ರಲ್ಲಿ ರೆಡ್ ಕ್ರಾಸ್ ಹುಟ್ಟಿತು. ಮೊದಲು ಕೈ ನೀಡಿದವರು, ಆಮೇಲೆ ಬರೆದಿಟ್ಟವರು, ಕೊನೆಗೆ ಕಾನೂನು.

ನಮ್ಮಲ್ಲಿ ಬರೆದಿಟ್ಟದ್ದೇ ಕತ್ತಲಲ್ಲಿ ಉಳಿಯಿತು. ಸುಂದರಲಾಲ್ ವರದಿಯನ್ನು ಸರ್ಕಾರ ಆಗ ಪ್ರಕಟಿಸಲಿಲ್ಲ. ದೆಹಲಿಯ ನೆಹರು ಸ್ಮಾರಕ ಗ್ರಂಥಾಲಯದಲ್ಲಿ ಅದು ಓದಲು ಸಿಗುತ್ತದೆಂಬ ಸುದ್ದಿ ಹಬ್ಬಿದ್ದು 2013ರಲ್ಲಿ.

ಗೋರ್ಟಾ ಕುರಿತು ಮಾತಾಡುವವರು ಸೆಪ್ಟೆಂಬರ್ ನಂತರದ್ದನ್ನು ಮುಚ್ಚಿಡಬಾರದು. ಸೆಪ್ಟೆಂಬರ್ ನಂತರದ್ದನ್ನು ನೆನೆಯುವ ನಾವು ಗೋರ್ಟಾವನ್ನು ಮರೆಯಬಾರದು. ನಮ್ಮವರ ಹೆಣಗಳನ್ನಷ್ಟೇ ಎಣಿಸಿದರೆ ಅದು ಹಕ್ಕಿನ ಮಾತಲ್ಲ, ಹಗೆಯ ಲೆಕ್ಕ.

ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ಹತ್ತಿರ. ನಿಮ್ಮ ಓಣಿಯಲ್ಲಿ ಅಂಥ ಅಜ್ಜ, ದಾದಿ, ನಾನಿ ಇದ್ದರೆ ಈ ವಾರವೇ ಹೋಗಿ ಕುಳಿತುಕೊಳ್ಳಿ. ಎರಡೂ ಕಡೆಯವರ ಮನೆಗೆ ಹೋಗಿ. ಯಾರು ಹೊಡೆದರು ಎಂದು ಕೇಳುವಾಗ, ಯಾರು ಬಾಗಿಲು ತೆರೆದರು ಎಂಬುದನ್ನೂ ಕೇಳಿ. ಕೇಳಿದ್ದನ್ನು ಕೂಡಿಸದೆ, ಕಳೆಯದೆ ಬರೆದಿಡಿ. ಇಷ್ಟು ಮಾಡಿದರೆ ಈ ದಿನಾಚರಣೆ ಸಾರ್ಥಕ.