ಬಡ್ಡಿ ಎಷ್ಟು ಎಂದು ಕೇಳುವ ಮೊದಲು

(ವೇಮಗಲ್ ಹೋಬಳಿಯ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಸದಸ್ಯೆಯೊಬ್ಬರು ಆಡಿದ ಮಾತುಗಳ ಬರಹರೂಪ.)



ಯಾವ ಬ್ಯಾಂಕಿನಲ್ಲಿ ಬಡ್ಡಿ ಜಾಸ್ತಿ, ಪೋಸ್ಟಾಫೀಸು ಒಳ್ಳೆಯದೋ ಬ್ಯಾಂಕು ಒಳ್ಳೆಯದೋ ಎಂದು ಸಂಘದ ಸಭೆಗಳಲ್ಲಿ ಮತ್ತೆ ಮತ್ತೆ ಕೇಳುತ್ತೀರಿ. ಅದನ್ನೇ ಇವತ್ತು ಮಾತಾಡಿ ಎಂದು ನನಗೆ ಹೇಳಿದ್ದಾರೆ. ನಾನು ಓದಿದ್ದು ಏಳನೇ ಕ್ಲಾಸು. ಲೆಕ್ಕ ಕಲಿತದ್ದು ಸಂಘದ ಪುಸ್ತಕ ಬರೆದು. ಅದಕ್ಕೂ ಮುಂಚೆ ಒಂದು ಲೆಕ್ಕ ತಪ್ಪಿ, ಪೆಟ್ಟು ತಿಂದು ಕಲಿತೆ. ಆ ತಪ್ಪಿನಿಂದಲೇ ಶುರು ಮಾಡುತ್ತೇನೆ.

ನನ್ನ ತವರು ಇಲ್ಲೇ ವೇಮಗಲ್ ಪಕ್ಕದ ಹಳ್ಳಿ. ಕೊಟ್ಟಿದ್ದು ಶ್ರೀನಿವಾಸಪುರದ ಕಡೆಗೆ. ಎರಡು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದೆ. ಹುಲ್ಲು ಕೊಯ್ಯುವುದು, ಸಗಣಿ ಬಾಚುವುದು, ಹಾಲು ಕರೆಯುವುದು ಎಲ್ಲ ನನ್ನದೇ. ಐದು ವರ್ಷದಲ್ಲಿ ಹಾಲಿನ ದುಡ್ಡಿನಿಂದ 42,000 ರೂಪಾಯಿ ಉಳಿಸಿದ್ದೆ.

ಉಳಿತಾಯ ಖಾತೆಗೆ ಎಷ್ಟು ಬಡ್ಡಿ ಕೊಡಬೇಕು ಎಂಬುದನ್ನು ಮೊದಲೆಲ್ಲ ರಿಸರ್ವ್ ಬ್ಯಾಂಕೇ ಹೇಳುತ್ತಿತ್ತು. 2011ರ ಅಕ್ಟೋಬರಿನಲ್ಲಿ ಅದನ್ನು ಆಯಾ ಬ್ಯಾಂಕಿಗೇ ಬಿಟ್ಟುಕೊಟ್ಟರು. ದೊಡ್ಡ ಬ್ಯಾಂಕುಗಳು ವರ್ಷಕ್ಕೆ ನೂರಕ್ಕೆ 4 ರೂಪಾಯಿಯಲ್ಲೇ ನಿಂತವು. ಕೆಲವು ಖಾಸಗಿ ಬ್ಯಾಂಕುಗಳು 6 ಕೊಡತೊಡಗಿದವು. ಮಾರನೆಯ ವರ್ಷ ನಾನು ಮೂರು ಕಡೆ ಅಲೆದು, ವಿಚಾರಿಸಿ, 6 ಕೊಡುವ ಕಡೆಯೇ ದುಡ್ಡು ಇಟ್ಟೆ. 42,000ಕ್ಕೆ ಎರಡು ರೂಪಾಯಿ ಹೆಚ್ಚು ಬಡ್ಡಿ ಎಂದರೆ ವರ್ಷಕ್ಕೆ 840 ರೂಪಾಯಿ ಲಾಭ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಖಾತೆ ತೆರೆಯುವಾಗ "ಗಂಡನ ಹೆಸರೂ ಸೇರಿಸು, ಹೆಂಗಸಿನ ಹೆಸರೊಂದೇ ಇದ್ದರೆ ಜನ ಏನಂದಾರು" ಎಂದರು ನಮ್ಮತ್ತೆ. ಸೇರಿಸಿದೆ. ಇಬ್ಬರಲ್ಲಿ ಯಾರು ಬೇಕಾದರೂ ದುಡ್ಡು ತೆಗೆಯಬಹುದು ಎನ್ನುವ ಕಡೆ ಅರ್ಜಿಯಲ್ಲಿ ಗುರುತು ಹಾಕಿತ್ತು. ನಾನು ಓದದೆ ಸಹಿ ಹಾಕಿದೆ.

ಒಂದು ವರ್ಷ ಕಳೆಯಿತು. ಮಗನ ಸ್ಕೂಲ್ ಫೀಸಿಗೆಂದು ಬ್ಯಾಂಕಿಗೆ ಹೋದರೆ ಖಾತೆಯಲ್ಲಿ 600 ರೂಪಾಯಿ ಇತ್ತು. ನಾದಿನಿ ಮದುವೆಗೆ ಗಂಡಿನ ಕಡೆಯವರು ಬೈಕು ಕೇಳಿದ್ದರು. ನಮ್ಮನೆಯವರು ಹೋಗಿ ದುಡ್ಡು ತೆಗೆದು ಕೊಟ್ಟುಬಿಟ್ಟಿದ್ದರು. "ಅದು ನನ್ನ ದುಡ್ಡು" ಎಂದೆ. "ಈ ಮನೇಲಿ ನಿಂದು ಅಂತ ಯಾವುದಿದೆ" ಎಂದು ಹೊಡೆದರು. ಅವತ್ತು ರಾತ್ರಿ ಯೋಚನೆ ಮಾಡಿದೆ. ನನ್ನ ಬೆವರಿನ ದುಡ್ಡು ಇನ್ನೊಂದು ಹೆಣ್ಣುಮಗಳ ವರದಕ್ಷಿಣೆ ಆಗಿತ್ತು. ಬ್ಯಾಂಕಿನವರ ತಪ್ಪೇನೂ ಇಲ್ಲ, ಕಾಗದದಲ್ಲಿ ಇದ್ದಂತೆ ಕೊಟ್ಟರು. 840 ರೂಪಾಯಿ ನೋಡಿದ ನಾನು 42,000 ನೋಡಲಿಲ್ಲ.

ಹಾಗಂತ ಬಡ್ಡಿ ನೋಡಬೇಡಿ ಎಂದು ನಾನು ಹೇಳುವುದಿಲ್ಲ. ನೋಡಲೇಬೇಕು. ಹೇಗೆ ನೋಡಬೇಕು ಎಂದು ಹೇಳುತ್ತೇನೆ.

ಮೊದಲನೆಯದು, ಎಲ್ಲ ಬಡ್ಡಿಯನ್ನೂ ಒಂದೇ ಸೇರಿನಲ್ಲಿ ಅಳೆಯಿರಿ. ನಮ್ಮ ಊರುಗಳಲ್ಲಿ ಕೈಸಾಲಕ್ಕೆ ನೂರಕ್ಕೆ ಮೂರು ಎನ್ನುತ್ತಾರೆ. ಅದು ತಿಂಗಳಿಗೆ. ಬ್ಯಾಂಕಿನವರು ನೂರಕ್ಕೆ ಏಳು ಎನ್ನುತ್ತಾರೆ. ಅದು ವರ್ಷಕ್ಕೆ. ಕೇಳುವವರಿಗೆ ಏಳು ದೊಡ್ಡದು, ಮೂರು ಚಿಕ್ಕದು. ತಿಂಗಳಿಗೆ ಮೂರು ಎಂದರೆ ವರ್ಷಕ್ಕೆ ಮೂವತ್ತಾರು! ಹತ್ತು ಸಾವಿರಕ್ಕೆ ವರ್ಷಕ್ಕೆ 3,600 ರೂಪಾಯಿ.

ಈಗ ನಮ್ಮ ದುಡ್ಡಿಗೆ ಎಷ್ಟು ಬರುತ್ತದೆ ನೋಡಿ. 2025ರ ಜೂನ್‌ನಲ್ಲಿ ಸ್ಟೇಟ್ ಬ್ಯಾಂಕ್ ಉಳಿತಾಯ ಖಾತೆಯ ಬಡ್ಡಿಯನ್ನು ಎರಡೂವರೆಗೆ ಇಳಿಸಿತು. ಆ ಲೆಕ್ಕದಲ್ಲಿ ಹತ್ತು ಸಾವಿರಕ್ಕೆ ವರ್ಷಕ್ಕೆ 250 ರೂಪಾಯಿ. ಪೋಸ್ಟಾಫೀಸಿನ ಉಳಿತಾಯ ಖಾತೆಗೆ ಆ ವರ್ಷ 4 ಇತ್ತು, ಅಂದರೆ 400. ಅದೇ ಪೋಸ್ಟಾಫೀಸಿನಲ್ಲಿ ಒಂದು ವರ್ಷದ ಠೇವಣಿ ಇಟ್ಟಿದ್ದರೆ 6.9, ಅಂದರೆ 708. ಪೋಸ್ಟಾಫೀಸಿನ ಬಡ್ಡಿಯನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ನೋಡಿ ಹೇಳುತ್ತದೆ. ಆದ್ದರಿಂದ ಹೋದ ದಿನ ಕೌಂಟರಿನಲ್ಲಿ ಕೇಳಿಕೊಳ್ಳಿ.

ಈ ಲೆಕ್ಕದಿಂದ ಒಂದು ಮಾತು ಹೊಳೆಯುತ್ತದೆ. ಒಂದು ಕಡೆ ನೂರಕ್ಕೆ ಮೂರರ ಸಾಲ ಇಟ್ಟುಕೊಂಡು ಇನ್ನೊಂದು ಕಡೆ ಉಳಿತಾಯ ಖಾತೆಯಲ್ಲಿ ದುಡ್ಡು ಇಟ್ಟರೆ, 400 ಬರುತ್ತದೆ, 3,600 ಹೋಗುತ್ತದೆ. ಕೈಸಾಲ ತೀರಿಸುವುದಕ್ಕಿಂತ ಒಳ್ಳೆಯ ಬಡ್ಡಿ ಯಾವ ಬ್ಯಾಂಕಿನಲ್ಲೂ ಇಲ್ಲ. ಆಸ್ಪತ್ರೆಗೆ, ಬಸ್ ಚಾರ್ಜಿಗೆ ಎಂದು ಒಂದಿಷ್ಟು ಕೈಗೆ ಸಿಗುವ ಹಾಗೆ ಇಟ್ಟುಕೊಂಡು, ಮಿಕ್ಕಿದ್ದರಲ್ಲಿ ಆ ಸಾಲ ತೀರಿಸಿ. ಸಂಘದಲ್ಲಿ ನಾವು ನೂರಕ್ಕೆ ಎರಡರಂತೆ ತೆಗೆದುಕೊಂಡರೂ ಆ ಬಡ್ಡಿ ನಮ್ಮ ಪೆಟ್ಟಿಗೆಗೇ ಬರುತ್ತದೆ. ಸಾಹುಕಾರರ ಪೆಟ್ಟಿಗೆಗೆ ಹೋದದ್ದು ತಿರುಗಿ ಬರುವುದಿಲ್ಲ.

ಎರಡನೆಯದು, ಬಡ್ಡಿಯನ್ನು ಯಾವ ದಿನದ ಹಣಕ್ಕೆ ಲೆಕ್ಕ ಹಾಕುತ್ತಾರೆ ಎಂದು ಕೇಳಿ. 2010ರ ಏಪ್ರಿಲ್‌ನಿಂದ ಬ್ಯಾಂಕುಗಳು ಉಳಿತಾಯ ಖಾತೆಯಲ್ಲಿ ಪ್ರತಿದಿನ ಇರುವ ಹಣಕ್ಕೆ ಬಡ್ಡಿ ಹಾಕುತ್ತವೆ. ಪೋಸ್ಟಾಫೀಸಿನಲ್ಲಿ ಹಾಗಲ್ಲ. ಅಲ್ಲಿ 10ನೇ ತಾರೀಖಿನಿಂದ ತಿಂಗಳ ಕೊನೆಯವರೆಗೆ ಎಲ್ಲಕ್ಕಿಂತ ಕಡಿಮೆ ಎಷ್ಟಿತ್ತೋ ಅಷ್ಟಕ್ಕೇ ಬಡ್ಡಿ. ಹಾಲಿನ ಬಟವಾಡೆಯನ್ನು 12ಕ್ಕೆ ಕಟ್ಟಿದರೆ ಆ ದುಡ್ಡಿಗೆ ಆ ತಿಂಗಳು ಬಡ್ಡಿ ಇಲ್ಲ. 9ಕ್ಕೆ ಕಟ್ಟಿ, ಮುಟ್ಟದೆ ಇದ್ದರೆ ಉಂಟು. ಹಾಗೆಯೇ, ಖಾತೆಯಲ್ಲಿ ಕಡಿಮೆಯೆಂದರೆ ಎಷ್ಟು ಇರಬೇಕು, ಇಲ್ಲದಿದ್ದರೆ ಎಷ್ಟು ಹಿಡಿಯುತ್ತಾರೆ ಎಂದೂ ಕೇಳಿ. ಪೋಸ್ಟಾಫೀಸಿನಲ್ಲಿ 500 ಇರಬೇಕು. ಜನಧನದಂಥ ಖಾತೆಯಲ್ಲಿ ಏನೂ ಇಲ್ಲದಿದ್ದರೂ ದಂಡ ಹಾಕುವಂತಿಲ್ಲ. ವರ್ಷಕ್ಕೆ ನೂರು ರೂಪಾಯಿ ಬಡ್ಡಿ ಕೊಟ್ಟು ಇನ್ನೂರು ರೂಪಾಯಿ ದಂಡ ಹಿಡಿದರೆ ಏನು ಬಂತು?

ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕಟ್ಟುವವರಿಗೆ ಆರ್.ಡಿ. ಇದೆ. ಪೋಸ್ಟಾಫೀಸಿನಲ್ಲಿ ತಿಂಗಳಿಗೆ 100 ರೂಪಾಯಿಯಿಂದ ಶುರು, ಐದು ವರ್ಷ. 2025ರಲ್ಲಿದ್ದ 6.7ರ ಬಡ್ಡಿಯಲ್ಲಿ, ಕಟ್ಟಿದ 6,000ಕ್ಕೆ 7,136 ಬರುತ್ತದೆ. ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ಮಧ್ಯೆ ಮುರಿದರೆ ಉಳಿತಾಯ ಖಾತೆಯ ಬಡ್ಡಿ ಮಾತ್ರ. ಆದ್ದರಿಂದ ಐದು ವರ್ಷ ಕಟ್ಟಲು ಆಗುವಷ್ಟನ್ನೇ ಬರೆಸಿ.

ಮೂರನೆಯದು, ಬಡ್ಡಿ ಜಾಸ್ತಿ ಎಂದಾಗ ಯಾಕೆ ಜಾಸ್ತಿ ಎಂದು ಕೇಳಿ. ಬ್ಯಾಂಕು ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರವರಿಗೆ ಮುಂಚೆ ಅದು ಒಂದೇ ಲಕ್ಷ ಇತ್ತು. ಪೋಸ್ಟಾಫೀಸಿನ ಹಣಕ್ಕೆ ಸರ್ಕಾರವೇ ಹೊಣೆ. ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಉಂಟು, ಆದರೆ ವಿಮೆ ಇದ್ದ ಮಾತ್ರಕ್ಕೆ ಬೇಕೆಂದ ದಿನ ದುಡ್ಡು ಸಿಗುವುದಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ಕಟ್ಟುಪಾಡು ಹಾಕಿದಾಗ, ಲಕ್ಷಗಟ್ಟಲೆ ಇಟ್ಟವರಿಗೂ 35,000ಕ್ಕಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಇನ್ನು ಬ್ಯಾಂಕೇ ಅಲ್ಲದ ಪತ್ತಿನ ಸೊಸೈಟಿ, ಊರಿನ ಚೀಟಿ, ಮನೆಮನೆಗೆ ಬಂದು ದುಡ್ಡು ಎತ್ತುವ ಕಂಪನಿ ಇವಕ್ಕೆ ಈ ವಿಮೆ ಇಲ್ಲ. "ನೂರಕ್ಕೆ ಹನ್ನೆರಡು ಕೊಡುತ್ತೇವೆ" ಎಂದು ಯಾರಾದರೂ ಬಂದರೆ ನಾವು ಬಡ್ಡಿ ನೋಡುತ್ತಿರುತ್ತೇವೆ, ಅವರು ನಮ್ಮ ಅಸಲು ನೋಡುತ್ತಿರುತ್ತಾರೆ.

ನಾಲ್ಕನೆಯದು ನನ್ನ ಕಥೆಯ ಪಾಠ. ಬಡ್ಡಿ ಎಷ್ಟು ಎಂದು ಕೇಳುವ ಮೊದಲು ಹೆಸರು ಯಾರದು, ದುಡ್ಡು ತೆಗೆಯುವ ಕೈ ಯಾರದು ಎಂದು ನೋಡಿ. ನಿಮ್ಮ ದುಡಿಮೆಯ ದುಡ್ಡು ನಿಮ್ಮ ಒಬ್ಬರದೇ ಹೆಸರಿನಲ್ಲಿ ಇರಲಿ. ಗಂಡನ ಹೆಸರನ್ನು ನಾಮಿನಿ ಎಂದು ಬರೆಸಬಹುದು. ನೀವು ಬದುಕಿರುವಾಗ ನಾಮಿನಿ ಆ ದುಡ್ಡು ತೆಗೆಯಲಾರರು. ಜಂಟಿ ಖಾತೆ ಬೇಕೇ ಬೇಕು ಎಂದಾದರೆ ಇಬ್ಬರೂ ಸಹಿ ಹಾಕಿದರೆ ಮಾತ್ರ ಎಂದು ಬರೆಸಿ. ನಮ್ಮ ಸಂಘದ ಖಾತೆಯಿಂದ ಒಬ್ಬರೇ ಸಹಿ ಹಾಕಿ ದುಡ್ಡು ತೆಗೆಯಲು ನಾವು ಬಿಡುತ್ತೇವಾ? ಸಂಘಕ್ಕೆ ಇರುವ ಬುದ್ಧಿ ನಮ್ಮ ಮನೆಗೂ ಬೇಕು.

ಈಗ ಇನ್ನೊಂದು ಕಷ್ಟ ಬಂದಿದೆ. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಶುರುವಾಗಿ ಎಷ್ಟೋ ಹೆಂಗಸರ ಖಾತೆಗೆ ಮೊದಲ ಸಲ ಸರ್ಕಾರದ ದುಡ್ಡು ಬಂತು. ಖಾತೆ ನಮ್ಮ ಹೆಸರಿನಲ್ಲಿ, ಆದರೆ ಎ.ಟಿ.ಎಂ. ಕಾರ್ಡು ಗಂಡನ ಜೇಬಿನಲ್ಲಿ, ಬ್ಯಾಂಕಿನ ಮೆಸೇಜು ಮಗನ ಫೋನಿನಲ್ಲಿ. ಅಂಥ ಖಾತೆ ನಮ್ಮದು ಹೇಗಾದೀತು? ಫೋನ್ ನಂಬರ್ ಬದಲಾಯಿಸಲು ಬ್ಯಾಂಕಿನಲ್ಲಿ ಒಂದು ಅರ್ಜಿ ಕೊಟ್ಟರೆ ಸಾಕು. ಒಬ್ಬರೇ ಹೋಗಲು ಹೆದರಿಕೆಯಾದರೆ ಸಂಘದಿಂದ ಇಬ್ಬರು ಜೊತೆಗೆ ಬರುತ್ತೇವೆ.

ಐದನೆಯದು ಹೆಣ್ಣುಮಕ್ಕಳ ವಿಷಯ. ಮಗಳ ಮದುವೆಗೆ ಎಂದು ಎಲ್ಲರೂ ಕೂಡಿಡುತ್ತೀರಿ. ಅಳಿಯನಿಗೆ ಬೈಕು ಕೊಡಲು ಕೂಡಿಡುತ್ತೀರೋ, ಮಗಳ ಕೈಗೆ ಕೊಡಲು ಕೂಡಿಡುತ್ತೀರೋ? ಹತ್ತು ವರ್ಷದೊಳಗಿನ ಹೆಣ್ಣುಮಗುವಿಗೆ 2015ರಲ್ಲಿ ಶುರುವಾದ ಸುಕನ್ಯಾ ಸಮೃದ್ಧಿ ಖಾತೆ ಇದೆ. ವರ್ಷಕ್ಕೆ 250 ರೂಪಾಯಿ ಕಟ್ಟಿದರೂ ನಡೆಯುತ್ತದೆ. 2025ರಲ್ಲಿ ಬಡ್ಡಿ 8.2 ಇತ್ತು. ಹದಿನೈದು ವರ್ಷ ಕಟ್ಟಬೇಕು, ಇಪ್ಪತ್ತೊಂದು ವರ್ಷಕ್ಕೆ ಪೂರ್ತಿ ಕೈಗೆ ಬರುತ್ತದೆ. ಹದಿನೆಂಟು ತುಂಬಿದ ಮೇಲೆ ಓದಿಗೆ ಅರ್ಧದವರೆಗೆ ತೆಗೆಯಬಹುದು. ಬಡ್ಡಿಗಿಂತ ದೊಡ್ಡ ಮಾತು ಏನೆಂದರೆ, ಹದಿನೆಂಟು ತುಂಬಿದರೆ ಆ ಖಾತೆ ನಡೆಸುವವಳು ಮಗಳೇ. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರಿಂದ ಅಪರಾಧ. ಕೊಟ್ಟೇಬಿಟ್ಟಿದ್ದರೂ ಅದು ಹುಡುಗಿಗೆ ಸೇರಿದ್ದು, ತೆಗೆದುಕೊಂಡವರು ಮೂರು ತಿಂಗಳೊಳಗೆ ಅವಳ ಹೆಸರಿಗೆ ಮಾಡಬೇಕು ಎಂದು ಅದೇ ಕಾನೂನು ಹೇಳುತ್ತದೆ. ಕಾನೂನಿನಲ್ಲಿ ಇರುವುದು ಮನೆಯಲ್ಲಿ ಇರುವುದಿಲ್ಲ ಎಂದು ನನಗೂ ಗೊತ್ತು. ಅದಕ್ಕೇ ಮೊದಲೇ ಅವಳ ಹೆಸರಿಗೆ ಇಡಿ.

ಮುಂದೆ ನಿಮ್ಮದೇನಾಯಿತು ಎಂದು ಕೇಳುತ್ತೀರಿ. ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದೆ. ಇಲ್ಲಿನ ಸಂಘದ ಅಕ್ಕಂದಿರು ಶ್ರೀನಿವಾಸಪುರದವರೆಗೆ ಬಸ್ಸು ಹತ್ತಿ ಬಂದು ನಮ್ಮನೆ ಜಗಲಿ ಮೇಲೆ ಕೂತರು. ಹಿರಿಯರ ಮುಂದೆ ನ್ಯಾಯವಾಗಿ 15,000 ವಾಪಸ್ಸು ಬಂತು. ಮಿಕ್ಕಿದ್ದು ಬರಲಿಲ್ಲ. 2005ರ ಕೌಟುಂಬಿಕ ದೌರ್ಜನ್ಯದ ಕಾನೂನಿನಲ್ಲಿ ಹೊಡೆಯುವುದಷ್ಟೇ ಅಲ್ಲ, ಹೆಂಡತಿಯ ದುಡ್ಡು, ಒಡವೆ ಕಿತ್ತುಕೊಳ್ಳುವುದೂ ದೌರ್ಜನ್ಯವೇ ಎಂದು ಆಗ ನನಗೆ ಗೊತ್ತಿರಲಿಲ್ಲ. ಅದನ್ನು ಆರ್ಥಿಕ ದೌರ್ಜನ್ಯ ಎನ್ನುತ್ತಾರೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಹತ್ತಿರ ದೂರು ಕೊಡಬಹುದು. 181ಕ್ಕೆ ಫೋನ್ ಮಾಡಬಹುದು. ಆ 15,000ದಿಂದ ಒಂದು ಹಸು ತಂದೆ. ಖಾತೆ ಈಗ ನನ್ನ ಒಬ್ಬಳದೇ ಹೆಸರಿನಲ್ಲಿದೆ. ಬಡ್ಡಿ ಮೊದಲಿನದಕ್ಕಿಂತ ಕಡಿಮೆ. ನಿದ್ದೆ ಮಾತ್ರ ಚೆನ್ನಾಗಿ ಬರುತ್ತದೆ.

ಕೊನೆಯದಾಗಿ ಒಂದು ಮಾತು. 1992ರಲ್ಲಿ ನಬಾರ್ಡ್ ದೇಶದಲ್ಲಿ 500 ಸಂಘಗಳಿಗೆ ಬ್ಯಾಂಕ್ ಸಾಲ ಕೊಡಿಸಿ ನೋಡೋಣ ಎಂದು ಹೊರಟಿತು. ಆ ಹೊತ್ತಿನಲ್ಲಿ ಮೈರಾಡದವರು ಕಟ್ಟಿದ ನಮ್ಮ ಕೋಲಾರ ಜಿಲ್ಲೆಯ ಹೆಂಗಸರ ಸಂಘಗಳೂ ಮೊದಮೊದಲು ಸಾಲ ತೆಗೆದುಕೊಂಡವುಗಳಲ್ಲಿ ಸೇರಿವೆ. ಅಡವಿಡಲು ಏನೂ ಇಲ್ಲದ ಹೆಂಗಸರನ್ನು ನಂಬಿ ಬ್ಯಾಂಕು ದುಡ್ಡು ಕೊಟ್ಟಿತು. ಬ್ಯಾಂಕಿನ ಮುಂದೆ ನಿಂತು ಲೆಕ್ಕ ಕೇಳಿದ ನಮಗೆ ಮನೆಯಲ್ಲಿ ಕೇಳಲು ಯಾಕೆ ಬಾಯಿ ಬರಬಾರದು?

ಮುಂದಿನ ವಾರದ ಸಭೆಗೆ ಎಲ್ಲರೂ ನಿಮ್ಮ ನಿಮ್ಮ ಪಾಸ್‌ಬುಕ್ ತನ್ನಿ. ಹೆಸರು, ನಾಮಿನಿ, ಫೋನ್ ನಂಬರ್, ದುಡ್ಡು ತೆಗೆಯುವ ಸಹಿ, ಆಮೇಲೆ ಬಡ್ಡಿ, ಈ ಐದನ್ನೂ ಸೇರಿ ಓದೋಣ. ಪಾಸ್‌ಬುಕ್ ಎಲ್ಲಿದೆ ಎಂದೇ ಗೊತ್ತಿಲ್ಲದವರು ಇವತ್ತು ಸಂಜೆ ಮನೆಗೆ ಹೋಗಿ ಮೊದಲು ಅದನ್ನು ಹುಡುಕಿ.