ಭರವಸೆಯ ನುಡಿ ಬರೆಯುವ ಮುನ್ನ
(ಕೀಲ್ಪಾಕ್‌ನ ಕನ್ನಡ ಕೂಟವೊಂದರಲ್ಲಿ ಮಾಡಿದ ಭಾಷಣ)



ಪ್ರತಿದಿನ ಬೆಳಿಗ್ಗೆ ವಾಟ್ಸಾಪ್ ಬಳಗಕ್ಕೆ ಭರವಸೆಯ ನುಡಿಯೊಂದನ್ನು ಬರೆದು ಕಳಿಸುವ ಅಭ್ಯಾಸ ನನ್ನದು. ತಮಿಳು ಫಲಕಗಳ ನಡುವೆ ದಿನ ಕಳೆಯುವ ನಮಗೆ ಕಣ್ಣು ತೆರೆದೊಡನೆ ನಾಲ್ಕು ಕನ್ನಡ ಅಕ್ಷರ ಕಾಣುವುದೇ ಒಂದು ಸಮಾಧಾನ. ಆದರೆ ಕಳೆದ ವರ್ಷ 'ನಾನು ಸಂತೋಷವಾಗಿದ್ದೇನೆ' ಎಂಬ ನನ್ನ ಸಾಲಿಗೆ, ಪತ್ನಿಯನ್ನು ಕಳೆದುಕೊಂಡಿದ್ದ ಹಿರಿಯರೊಬ್ಬರು, "ಇದನ್ನು ಓದಿದರೆ ನನ್ನಲ್ಲೇ ಏನೋ ತಪ್ಪಿದೆ ಅನ್ನಿಸುತ್ತದಪ್ಪಾ" ಎಂದು ಉತ್ತರಿಸಿದರು.

ಆ ಮಾತಿಗೆ ಆಧಾರವಿದೆ. ಕೆನಡಾದ ಮನಶ್ಶಾಸ್ತ್ರಜ್ಞೆ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೀಳರಿಮೆಯುಳ್ಳವರು ತಾವು ಪ್ರೀತಿಗೆ ಅರ್ಹರೆಂದು ಹೇಳಿಕೊಂಡಾಗ ಅವರ ಮನಸ್ಸು ಇನ್ನಷ್ಟು ಕುಗ್ಗಿತು; ಆತ್ಮವಿಶ್ವಾಸವುಳ್ಳವರಿಗೆ ಮಾತ್ರ ಅಲ್ಪ ಲಾಭವಾಯಿತು.

1794ರಲ್ಲಿ ಆರಂಭವಾಗಿ 1871ರಲ್ಲಿ ಕೀಲ್ಪಾಕಿಗೆ ಬಂದ ಮಾನಸಿಕ ಆರೋಗ್ಯ ಸಂಸ್ಥೆ ಇಲ್ಲೇ ಇದೆ. 'ಕೀಲ್ಪಾಕಿಗೆ ಸೇರಿಸಬೇಕು' ಎಂದು ನಾವೂ ನಕ್ಕಿದ್ದೇವೆ. ಬೆಳಿಗ್ಗೆ ಧೈರ್ಯದ ನುಡಿ, ಸಂಜೆ ಈ ಪರಿಹಾಸ್ಯ! ಹೀಗಾದರೆ ನೊಂದವರು ಯಾರಲ್ಲಿ ಹೇಳಿಕೊಳ್ಳಬೇಕು?

ಬರೆಯುವುದನ್ನು ನಿಲ್ಲಿಸಿರೆಂದು ನಾನು ಹೇಳುವುದಿಲ್ಲ. ಡಿ.ವಿ.ಜಿ.ಯವರ 'ಮಂಕುತಿಮ್ಮನ ಕಗ್ಗ' 1943ರಿಂದ ಇಂದಿನವರೆಗೂ ಜನರ ನಾಲಗೆಯ ಮೇಲಿದೆ. ಅದು ದುಃಖವನ್ನು ಅಲ್ಲಗಳೆಯದೆ ಧೈರ್ಯ ಹೇಳುತ್ತದೆ. ನಾನೀಗ 'ಎಲ್ಲವೂ ಚೆನ್ನಾಗಿದೆ' ಎಂದು ಬರೆಯುವುದಿಲ್ಲ. 'ಇಂದು ಕಷ್ಟವೆನಿಸಿದರೆ ಕರೆಯಿರಿ, ಬರುತ್ತೇನೆ' ಎಂದು ಬರೆಯುತ್ತೇನೆ. ಆ ಹಿರಿಯರು ಕರೆದರು, ಹೋದೆ. ನುಡಿಮುತ್ತೇನೂ ಬೇಕಾಗಲಿಲ್ಲ; ಕಾಫಿ ಕುಡಿಯುತ್ತ ಕತ್ತಲಾಗುವವರೆಗೆ ಕನ್ನಡದಲ್ಲಿ ಮಾತನಾಡಿದೆವು.

ಬರೆದ ಮಾತಿಗೆ ನಾವು ಹೊಣೆಯಾಗೋಣ ಎಂದು ಪ್ರಾರ್ಥಿಸಿ ವಿರಮಿಸುತ್ತೇನೆ.